ಮಾವನ ಜೀಪಿಗೆ ರಿಲೇ ಕೂರಿಸಿದ್ದು

ಡ್ರೈವರುಗಳೆಲ್ಲ ಅವಳನ್ನು ಕರೆಯುತ್ತಿದ್ದುದು ಕಾಯಿಲ್ ಅಕ್ಕ ಎಂದು. ಫ್ಯಾನ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದ ಕೈ ಅದು. ಕಾರ್ಖಾನೆ ಮುಚ್ಚಿದ ಮರುವಾರವೇ ಗಂಡನ ಗ್ಯಾರೇಜಿನ ಮೂಲೆಯಲ್ಲಿ ಒಂದು ಮೇಜು, ಒಂದು ಟೆಸ್ಟ್ ಲ್ಯಾಂಪು ಇಟ್ಟುಕೊಂಡು ಕೂತುಬಿಟ್ಟಳು. ಗಂಡನಿಗೆ ಎಂಜಿನ್ ಎಂದರೆ ಪ್ರಾಣ, ವೈರಿಂಗ್ ಎಂದರೆ ತಲೆನೋವು. ಆ ತಲೆನೋವನ್ನು ಹೆಂಡತಿಗೆ ದಾಟಿಸಿ ಆತ ನಿರಾಳನಾದ.

ಒಪ್ಪದವರು ಮಾವ ಒಬ್ಬರೇ. ನಲವತ್ತು ವರ್ಷ ಲಾರಿ ಓಡಿಸಿ ನಿವೃತ್ತರಾದವರು. ಅವರ ಹಳೆಯ ಜೀಪನ್ನು ಮಗನೂ ಮುಟ್ಟುವಂತಿರಲಿಲ್ಲ. ಅದರ ಹೆಡ್‌ಲೈಟು ಹಣ್ಣೆಲೆಯಂತೆ ಹಳದಿ. ಹತ್ತು ನಿಮಿಷ ಉರಿದರೆ ಸ್ವಿಚ್ಚು ಮುಟ್ಟಲಾಗದಷ್ಟು ಬಿಸಿ.

"ಮಾವ, ದೀಪಕ್ಕೆ ಬೇಕಾದ ಕರೆಂಟೆಲ್ಲ ಆ ಪುಟ್ಟ ಸ್ವಿಚ್ಚಲ್ಲೇ ಹಾದು ಬರ್ತಿದೆ. ಅದಕ್ಕೇ ಅದು ಬೇಯ್ತಿರೋದು. ರಿಲೇ ಹಾಕಿದ್ರೆ ಸ್ವಿಚ್ಚು ಬರೀ ಅಪ್ಪಣೆ ಕೊಡತ್ತೆ. ಕರೆಂಟು ಬ್ಯಾಟರಿಯಿಂದ ದಪ್ಪ ವೈರಲ್ಲಿ ನೇರ ದೀಪಕ್ಕೆ ಹೋಗತ್ತೆ."

"ನಾನು ಲಾರಿ ಓಡಿಸೋವಾಗ ಯಾವ ಡಬ್ಬಿ ಇತ್ತಮ್ಮ? ಇರೋದನ್ನ ಕೆಡಿಸ್ಬೇಡ."

ಆದರೆ ಒಂದು ಮುಸ್ಸಂಜೆ ಅವರು ಜೀಪನ್ನು ಕ್ಷೌರಿಕನ ಮನೆಯ ಬೇಲಿಗೆ ನುಗ್ಗಿಸಿದರು. ಯಾರಿಗೂ ಏಟಾಗಲಿಲ್ಲ, ಎರಡು ಗೂಟ ಮುರಿದವು ಅಷ್ಟೆ. ಮನೆಗೆ ಬಂದವರು ನೇರ ಕೈಕಾಲು ತೊಳೆಯಲು ಹೋದರು. ಬಂಪರಿಗೆ ಸಿಕ್ಕಿಕೊಂಡಿದ್ದ ಹಸಿರು ಬಳ್ಳಿಯೇ ಎಲ್ಲವನ್ನೂ ಹೇಳಿತು. ಸೊಸೆ ನೋಡಿಯೂ ನೋಡದಂತೆ ಇದ್ದಳು.

ಮರುದಿನ ಬೆಳಿಗ್ಗೆ ಜೀಪು ಅವಳ ಮೇಜಿನ ಮುಂದೆಯೇ ನಿಂತಿತ್ತು. ಮಾವ ಬೇರೆಲ್ಲೋ ನೋಡುತ್ತ ಹೇಳಿದರು: "ನಿಂಗೆ ಇವತ್ತು ಕೆಲ್ಸ ಕಮ್ಮಿ ಇದ್ರೆ... ಸುಮ್ನೆ ಒಂದ್ಸಲ ನೋಡು."

ಅವಳು ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ ತೆಗೆದಳು. ಬ್ಯಾಟರಿಯ ಪಕ್ಕದಲ್ಲಿ ಫ್ಯೂಸ್ ಕೂರಿಸಿ ದಪ್ಪ ವೈರು ಎಳೆದಳು. ಸ್ವಿಚ್ಚಿನಿಂದ ಬರುವ ಹಳೆಯ ತೆಳು ವೈರನ್ನು ರಿಲೇಯೊಳಗಿನ ಕಾಯಿಲಿಗೆ ಕೊಟ್ಟಳು. ಮಾವ ಬಾನೆಟ್ಟಿನ ಮೇಲೆ ಬಗ್ಗಿ, ಆಪರೇಷನ್ ಕೋಣೆಯ ಹೊರಗೆ ನಿಂತ ಬಂಧುವಿನ ಹಾಗೆ ಮುಖ ಮಾಡಿಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಬೆಳಕು ಗೋಡೆಯ ಮೇಲೆ ಕಾಣಲೆಂದು ಗಂಡ ಷಟರ್ ಎಳೆದ, ಮಾವ ಸೀಟಿಗೇರಿ ಕೂತರು. ಅವಳು ಬ್ಯಾಟರಿಯ ತುದಿ ಸೇರಿಸಿದಳು.

ಹೆಡ್‌ಲೈಟು ಫಕ್ಕನೆ ಹತ್ತಿತು.

"ಅಯ್ಯೋ, ನಾನಿನ್ನೂ ಸ್ವಿಚ್ ಮುಟ್ಟೇ ಇಲ್ಲ!" ಸೀಟಿನಿಂದ ಮಾವ ಕೂಗಿದರು.

"ಡಿಮ್ ಹಾಕಿ ನೋಡಿ."

ಹಾಕಿದರು. ದೀಪ ಆರಿತು. ಆಫ್ ಮಾಡಿದರು, ಮತ್ತೆ ಹತ್ತಿತು. ಮಾವ ಸ್ಟಿಯರಿಂಗಿಗೆ ಹಣೆ ಊರಿ ಬಿದ್ದೂ ಬಿದ್ದೂ ನಕ್ಕರು. "ಲೋ ಮಗನೇ, ನಿನ್ನ ಹೆಂಡ್ತಿ ನನ್ನ ಜೀಪಿಗೂ ನನ್ನ ಬುದ್ಧೀನೇ ಕೊಟ್ಬಿಟ್ಳು ಕಣೋ! ಏನು ಹೇಳಿದ್ರೂ ಉಲ್ಟಾ!"

ಅವಳ ಕಿವಿ ಕೆಂಪಾಯಿತು, ಆದರೂ ನಗು ತಡೆಯಲಾಗಲಿಲ್ಲ. ಡಿಮ್ಮಿನ ರಿಲೇ ಕಿತ್ತು ತಿರುಗಿಸಿದಳು. ದಿನಾ ಬಳಸುವ ನಾಲ್ಕು ಕಾಲಿನದು ಒಂದೇ ಉಳಿದಿದ್ದರಿಂದ ಇಲ್ಲಿಗೆ ಐದು ಕಾಲಿನದನ್ನು ಹಾಕಿದ್ದಳು. ಸ್ವಿಚ್ಚು ಆಫ್ ಇದ್ದಾಗ ಕರೆಂಟ್ ಕೊಡುವುದು ಅದರ ನಡುವಿನ ಕಾಲು. ದೀಪದ ವೈರನ್ನು ಅವಳು ಸಿಕ್ಕಿಸಿದ್ದು ಅಲ್ಲಿಗೇ. ವೈರನ್ನು ಪಕ್ಕದ ಕಾಲಿಗೆ ಬದಲಿಸಲು ಐದು ನಿಮಿಷವೂ ಬೇಕಾಗಲಿಲ್ಲ.

ಈ ಸಲ ಸ್ವಿಚ್ಚು ಹಾಕಿದಾಗಲೇ ದೀಪ ಹತ್ತಿತು. ಗೋಡೆಯ ಮೇಲೆ ಬೆಳ್ಳಗಿನ ಎರಡು ವೃತ್ತ. ಅಲ್ಲಿ ತೂಗುಹಾಕಿದ್ದ ನಟ್ಟು ಬಿಚ್ಚುವ ಪಾನಾಗಳ ಮೇಲಿನ ಅಂಕಿಗಳನ್ನೂ ಓದಬಹುದಿತ್ತು. ಮಾವನ ನಗು ನಿಂತಿತು. ಹತ್ತು ನಿಮಿಷ ಕಾದು ಸ್ವಿಚ್ಚಿನ ಮೇಲೆ ಬೆರಳಿಟ್ಟರು. ತಣ್ಣಗಿತ್ತು. ಇನ್ನೊಂದು ಬೆರಳನ್ನೂ ಇಟ್ಟು ನೋಡಿದರು.

"ನಲವತ್ತು ವರ್ಷ ಕಣ್ಣು ಕಿರಿದು ಮಾಡ್ಕೊಂಡೇ ಓಡಿಸಿದೆನಲ್ಲಮ್ಮ," ಎಂದರು ಮೆಲ್ಲಗೆ.

ಆ ವಾರವೇ ಅವರ ಹಳೆಯ ಲಾರಿ ಗೆಳೆಯರು ಒಬ್ಬೊಬ್ಬರಾಗಿ ಗ್ಯಾರೇಜಿಗೆ ಬರತೊಡಗಿದರು. ಮಾವ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಮೊದಲು ಆ ಉಲ್ಟಾ ದೀಪದ ಕಥೆಯನ್ನೇ ಹೇಳುತ್ತಿದ್ದರು.

"ಮಾವ, ನನ್ನ ತಪ್ಪನ್ನೇ ಡಂಗುರ ಹೊಡೀಬೇಕಾ? ಗಿರಾಕಿಗಳು ಓಡಿಹೋಗ್ತಾರೆ."

"ಸುಮ್ನಿರಮ್ಮ, ಇವ್ರೆಲ್ಲ ನನ್ನ ಥರದ ಮೊಂಡರು. ತಪ್ಪೇ ಮಾಡಲ್ಲ ಅಂದ್ರೆ ನಂಬೋರಲ್ಲ. ಐದು ನಿಮಿಷದಲ್ಲಿ ತಪ್ಪು ಹಿಡಿದ್ಲು ಅಂದ್ರೆ ಗಾಡಿ ಕೀ ತೆಗೆದು ಕೈಗೆ ಕೊಡ್ತಾರೆ," ಎಂದು, ಒಳಗೆ ಬರುತ್ತಿದ್ದ ಗೆಳೆಯನಿಗೆ ಜಾಗ ಬಿಡಲು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡರು.