ಹೊಲದ ಮನೆಗೆ ಬಂದ ಬ್ಯಾಟರಿ ಗಾಡಿ

ಯಲಬುರ್ಗಾ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ನಾನು ಆಗ ಅತಿಥಿ ಶಿಕ್ಷಕಿ. ನಮ್ಮೂರಿಂದ ಹೋಗುವ ಬಸ್ಸೋ, ಪ್ರಾರ್ಥನೆ ಮುಗಿದ ಮೇಲೆಯೇ ಮುಟ್ಟಿಸುವ ಮಹಾರಾಯ. "ಇನ್ನೊಮ್ಮೆ ತಡಾ ಆತಂದ್ರ ಬರೋದ ಬ್ಯಾಡ್ರಿ ಅಕ್ಕೋರ" ಎಂದು ಹೆಡ್ ಮಾಸ್ತರರು ಹೇಳಿಬಿಟ್ಟರು. ನಮ್ಮ ಮನೆಯಲ್ಲಿ ಸಂಬಳ ಅಂತ ಇದ್ದದ್ದು ನನ್ನದೊಂದೇ.

ಬಸ್ಸಿನ ಗೊಡವೆಯೇ ಬೇಡವೆಂದು ಬ್ಯಾಟರಿ ಸ್ಕೂಟರ್ ಕೊಳ್ಳಲು ಹೋದೆವು. ಕೊಪ್ಪಳದ ಅಂಗಡಿಯಲ್ಲಿ ನಮ್ಮ ಮನೆಯವರ ಕಣ್ಣಿಗೆ ಬಿದ್ದದ್ದು ಕೆಂಪು ಬಣ್ಣದ ಎತ್ತರದ ಗಾಡಿ. ಕುಳಿತು ನೋಡಿದೆ, ಕಾಲು ನೆಲಕ್ಕೆ ಎಟುಕಲಿಲ್ಲ. "ಓಡ್ಸಾಕಿ ನಾನ್ರಿ, ನೀವಲ್ಲ" ಎಂದು ರೇಗಿ, ಸೀಟು ತಗ್ಗಿದ್ದ ಬೂದು ಬಣ್ಣದ್ದನ್ನು ಆರಿಸಿದೆ. ಬ್ರೇಕು, ಟೈರು, ಎಷ್ಟು ದೂರ ಓಡೀತು, ಮಳೆಗೆ ಕೆಟ್ಟೀತೇ, ಎಲ್ಲವನ್ನೂ ಕೇಳಿದೆ. ಅಂಗಡಿಯವನು, "ಮನ್ಯಾಗ ಪ್ಲಗ್ ಐತೆಲ್ರಿ? ರಾತ್ರಿ ಹಚ್ಚಿ ಮಲಕೋರಿ, ಮುಂಜಾನೆ ಫುಲ್" ಎಂದ. "ಐತ್ರಿ" ಎಂದೆ. ಸುಳ್ಳೇನಲ್ಲ, ಪ್ಲಗ್ ಇತ್ತು.

ಆದರೆ ಅದು ಹೊಲದ ಮನೆ. ಅಣ್ಣತಮ್ಮಂದಿರ ಆಸ್ತಿ ಪಾಲಾದಾಗ ಊರೊಳಗಿನ ಮನೆ ಭಾವನ ಪಾಲಿಗೆ ಹೋಗಿ, ನಾವು ಹೊಲಕ್ಕೆ ಬಂದಿದ್ದೆವು. ಅಲ್ಲಿ ಬರುವುದು ಪಂಪ್‌ಸೆಟ್ಟಿನ ಕರೆಂಟು, ಅದೂ ನಾನು ಶಾಲೆಯಲ್ಲಿರುವ ಹಗಲು ಹೊತ್ತಿಗೆ. ರಾತ್ರಿ ಸೋಲಾರ್ ದೀಪವೇ ಗತಿ. ಮೊಬೈಲನ್ನು ದಿನವೂ ಶಾಲೆಯಲ್ಲೇ ಚಾರ್ಜ್ ಮಾಡಿಕೊಂಡು ಬರುವವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ! ಪಾಠ ಹೇಳುವ ತಲೆಯಂತೆ, ಸುಡುಗಾಡು ತಲೆ.

ಅಂಗಡಿಯಲ್ಲಿ ತುಂಬಿಸಿ ಕೊಟ್ಟ ಚಾರ್ಜು ಎರಡನೇ ಸಂಜೆಗೆ ತೀರಿತು. ಬ್ಯಾಟರಿ ಬಿಚ್ಚಿ ಒಯ್ಯುವಂಥದ್ದಲ್ಲ. ಶಾಲೆಯಲ್ಲಿ ಕೇಳಿದ್ದಕ್ಕೆ, "ಮೊಬೈಲಾದ್ರ ನಡದೀತು, ಗಾಡಿಗೆಲ್ಲ ಸಾಲಿ ಕರೆಂಟ್ ಬಳಸಂಗಿಲ್ರಿ" ಎಂದಿದ್ದರು. ಊರಲ್ಲಿ ಬೇರೆ ಯಾರ ಬಾಗಿಲು ತಟ್ಟಿದರೂ, ಸ್ವಂತ ಭಾವನ ಮನೆ ದಾಟಿ ಬಂದಳೆಂದು ನಾಳೆಯೇ ಡಂಗುರ. "ಅವರ ಮುಂದ ನಾ ಕೈ ಚಾಚಂಗಿಲ್ಲ" ಎಂದು ನಮ್ಮ ಮನೆಯವರು ಮುಖ ತಿರುಗಿಸಿದರು. ಪಾಲಿನ ದಿನ ಭಾವನ ಹೆಂಡತಿಯೂ ನಾನೂ ಆಡಬಾರದ್ದನ್ನೆಲ್ಲ ಆಡಿಕೊಂಡಿದ್ದೆವು. ಆಮೇಲೆ ಮಾತೇ ಇರಲಿಲ್ಲ.

ಒಬ್ಬಳೇ ಗಾಡಿ ತಳ್ಳಿಕೊಂಡು ಊರೊಳಗಿನ ಭಾವನ ಮನೆಗೆ ಹೊರಟೆ. ಮಧ್ಯಾಹ್ನ ಮಳೆಯಾಗಿತ್ತು. ಎರೆಮಣ್ಣು ಚಕ್ರಕ್ಕೆ ಮೆತ್ತಿ ಗಾಡಿ ಮುಂದಕ್ಕೇ ಹೋಗದು. ಕಡ್ಡಿ ತಗೊಂಡು ಮಣ್ಣು ಕೆರೆಯುವುದು, ಮತ್ತೆ ತಳ್ಳುವುದು. ಯಾರೂ ಇರಲಿಲ್ಲ, ಜೋರಾಗಿಯೇ ಅತ್ತೆ.

ಬಾಗಿಲು ತೆರೆದವಳು ಅವಳೇ.

"ಅಕ್ಕಾ, ಮುಂಜಾನೆತನಾ ಗಾಡಿಗೆ ಕರೆಂಟ್ ಹಚ್ಗೊಡವಾ. ಇಲ್ಲಂದ್ರ ನನ್ನ ನೌಕ್ರಿ ಹೊಕ್ಕೈತಿ."

ಅವಳು ಗಾಡಿಯನ್ನೂ ನನ್ನ ಕೆಸರುಗಾಲನ್ನೂ ನೋಡಿದಳು.

"ಒಳಗ ತಂದು ಹಚ್ಚು," ಎಂದಳು. "ಹಚ್ಚಿ, ನೀ ಹೊರಗ ಹೋಗು."

ವಯರು ಸಿಕ್ಕಿಸಿದೆ. ಚಾರ್ಜರಿನ ದೀಪ ಹತ್ತಿತು. ಸೇರಕ್ಕಿ ಒದ್ದು ಸೊಸೆಯಾಗಿ ಒಳಗೆ ಬಂದಿದ್ದ ಹೊಸ್ತಿಲನ್ನು ದಾಟಿ, ಹೊರಗೆ ಬಂದೆ.