ಮೊಟ್ಟೆ ಕೇಳಲು ಬಂದ ಹೆಂಗಸು

ಎಸ್ತರ್ ಅವತ್ತು ಕೋಟು ತೊಟ್ಟು ಮೆಟ್ಟಿಲ ಮೇಲೆ ಕೂತಿದ್ದರೋ, ಇಲ್ಲ ಕೋಟನ್ನು ಆಮೇಲೆ ನೆನಪಿನಲ್ಲಿ ನಾನೇ ಅವರಿಗೆ ತೊಡಿಸಿದೆನೋ, ಖಚಿತವಾಗಿ ಹೇಳಲಾರೆ. ಸೈರನ್ ಕೂಗಿದ್ದು ಮಾತ್ರ ನಿಜ. ನೆದರ್ಲೆಂಡ್ಸಿನ ಉತ್ತರದ ಈ ಸಣ್ಣ ಊರಿಗೆ ನಾವು ಬಂದು ನಾಲ್ಕೇ ದಿನವಾಗಿತ್ತು. ಸೋಮವಾರ, ಮಟಮಟ ಮಧ್ಯಾಹ್ನ. ಹೆಂಡತಿ ಸುಜಾತಾ ವೃದ್ಧಾಶ್ರಮದ ನರ್ಸ್ ಕೆಲಸಕ್ಕೆ ಹೋಗಿದ್ದಳು. ಇದ್ದಕ್ಕಿದ್ದಂತೆ ಇಡೀ ಊರು ಊಳಿಡತೊಡಗಿತು. ಏಣಿಯಷ್ಟು ಕಡಿದಾದ ಮೆಟ್ಟಿಲಿಳಿದು ಓಡಿಬಂದರೆ, ಕೆಳಮನೆಯಲ್ಲಿದ್ದ ಮನೆಯೊಡತಿ, ಎಂಬತ್ತು ದಾಟಿದ ಎಸ್ತರ್, ಕೊನೆಯ ಮೆಟ್ಟಿಲಲ್ಲಿ ಕೈಕಟ್ಟಿ ಕೂತಿದ್ದರು.

"ಏನಿಲ್ಲ. ತಿಂಗಳ ಮೊದಲ ಸೋಮವಾರ. ಸೈರನ್ ಕೆಟ್ಟಿದೆಯೋ ಇಲ್ಲವೋ ನೋಡ್ತಾರೆ, ಅಷ್ಟೆ," ಎಂದರು. ಅದು ನಿಲ್ಲುವವರೆಗೂ ಏಳಲಿಲ್ಲ.

ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಸೈರನ್ ಅಂದರೆ ಕಾರ್ಖಾನೆಯ ಶಿಫ್ಟು. ಅದು ಕೂಗಿದರೆ ಅಮ್ಮ ಅನ್ನಕ್ಕಿಡುತ್ತಿದ್ದರು, ಪಕ್ಕದ ತಮಿಳಿನವರ ಮನೆಯಲ್ಲಿ ಗಡಿಯಾರದ ಮುಳ್ಳು ಸರಿಮಾಡುತ್ತಿದ್ದರು. ಅದೇ ಶಬ್ದಕ್ಕೆ ಒಬ್ಬರು ಉಸಿರು ಬಿಗಿಹಿಡಿದು ಕೂರಬಹುದೆಂದು ನಾನು ಕಲಿತದ್ದು ಇಲ್ಲಿ.

ಕಲಿಯುವುದು ಇನ್ನೂ ಬಹಳವಿತ್ತು. ಇಲ್ಲಿ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುತ್ತಾರೆ. ಹುಟ್ಟುಹಬ್ಬದ ಕ್ಯಾಲೆಂಡರನ್ನು ಶೌಚಾಲಯದಲ್ಲಿ ತೂಗುಹಾಕುತ್ತಾರೆ. ನಮ್ಮಲ್ಲಿ ದೇವರ ಪಟದ ಪಕ್ಕ ಇರುವ ವಸ್ತು. ಬೀದಿಗೆ ಮುಖಮಾಡಿದ ಕಿಟಕಿಗಳಿಗೆ ಪರದೆಯಿಲ್ಲ, ಒಳಗೆ ಜನ ಊಟ ಮಾಡುವುದು ಕಾಣುತ್ತದೆ, ಆದರೆ ಹೇಳದೆ ಬಾಗಿಲು ತಟ್ಟುವಂತಿಲ್ಲ. ನಮ್ಮ ಕ್ವಾರ್ಟರ್ಸಿನಲ್ಲಿ ಪರದೆ ಇತ್ತು, ಬಾಗಿಲು ಮಾತ್ರ ಹಗಲೆಲ್ಲ ತೆರೆದೇ ಇರುತ್ತಿತ್ತು. ಮೊದಲ ಆರು ತಿಂಗಳು ನನಗೆ ಕೆಲಸವಿರಲಿಲ್ಲ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನನ್ನು ಇಲ್ಲಿ ಯಾರು ಕೇಳುತ್ತಾರೆ? ರೈ ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿಕೊಂಡು ಒಬ್ಬನೇ ತಿನ್ನುತ್ತಿದ್ದೆ. ಮೀನಿನಂಗಡಿಯವನು ನನ್ನ ಡಚ್ ಕೇಳಿ ಇಂಗ್ಲಿಷಿಗೆ ಹೊರಳದೆ ಡಚ್ಚಿನಲ್ಲೇ ಉತ್ತರಿಸಿದ ದಿನ, ಸುಜಾತಾಗೆ ಫೋನ್ ಮಾಡಿ ಹೇಳಿದ್ದೆ.

ಆ ಡಚ್ ಕಲಿಸಿದವರು ಎಸ್ತರ್. ಅವರು ಹೇಳಿಕೊಟ್ಟ ಪದಗಳಲ್ಲಿ ಒಂದು 'ಒಂಡರ್‌ಡೌಕನ್'. ನೀರಿನಡಿಗೆ ಮುಳುಗುವುದು ಎಂದರ್ಥ. ಯುದ್ಧಕಾಲದಲ್ಲಿ ಬಚ್ಚಿಟ್ಟುಕೊಂಡು ಬದುಕಿದವರಿಗೆ ಆ ಪದವನ್ನೇ ಬಳಸುತ್ತಾರೆ. ಜರ್ಮನರು ಈ ದೇಶವನ್ನು ಹಿಡಿದು ಯಹೂದಿಗಳನ್ನು ರೈಲಿಗೆ ತುಂಬುತ್ತಿದ್ದಾಗ ಎಸ್ತರ್‌ಗೆ ನಾಲ್ಕು ವರ್ಷ. ಕಾಲೇಜಿನ ಹುಡುಗಿಯೊಬ್ಬಳು ಅವರನ್ನು ತನ್ನ ತಂಗಿ ಎಂದು ಹೇಳಿ ಆಮ್ಸ್ಟರ್‌ಡ್ಯಾಮಿನಿಂದ ಇಲ್ಲಿನ ಹಳ್ಳಿಯೊಂದರ ಹೈನುಗಾರರ ಮನೆಗೆ ತಂದು ಬಿಟ್ಟಳು. ಅಲ್ಲಿ ಹೊಸ ಹೆಸರು, ಮರೈಕೆ. ಹೊಸ ಹುಟ್ಟುಹಬ್ಬ, ಊಟಕ್ಕೆ ಮುಂಚೆ ಹೊಸ ಪ್ರಾರ್ಥನೆ. ಯಾರಾದರೂ 'ಎಸ್ತರ್' ಎಂದು ಕೂಗಿದರೆ ತಿರುಗಬಾರದು. ಹೈನುಗಾರನ ಹೆಂಡತಿ ಹಿಂದಿನಿಂದ ಕೂಗಿ ಕೂಗಿ ಅಭ್ಯಾಸ ಮಾಡಿಸಿದಳು. ತಿರುಗದಿದ್ದರೆ ಕೆನೆ ಹಚ್ಚಿದ ಬ್ರೆಡ್ಡು.

ಅವರು ಆ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ, ನೀಲಿ ತಲೆವಸ್ತ್ರದ ಹೆಂಗಸೊಬ್ಬಳು ಅಂಗಳಕ್ಕೆ ಬಂದು ಮೊಟ್ಟೆ ಸಿಗುತ್ತದೆಯೇ ಎಂದು ಕೇಳಿದಳು. ಹಾಲಿನ ಲೆಕ್ಕ ಬರೆಯಲು ಬಂದ ಹೊರಗಿನವನೊಬ್ಬ ಅಲ್ಲೇ ನಿಂತಿದ್ದ, ಅವನೆದುರು ನಿಜ ಆಡುವಂತಿರಲಿಲ್ಲ. ಹೆಂಗಸು ಬಗ್ಗಿ, "ನಿನ್ನ ಹೆಸರೇನು ಪುಟ್ಟಿ?" ಎಂದಳು.

"ಮರೈಕೆ," ಎಂದರು ಎಸ್ತರ್, ಸ್ವಲ್ಪವೂ ತಡವರಿಸದೆ.

"ಚೆಂದದ ಹೆಸರು," ಎಂದು ಹೆಂಗಸು ನಾಲ್ಕು ಮೊಟ್ಟೆ ತೆಗೆದುಕೊಂಡು ಹೋದಳು.

"ಅದು ನನ್ನ ಅಮ್ಮ," ಎಂದರು ಎಸ್ತರ್. "ಹತ್ತನೆಯ ವಯಸ್ಸಿನಲ್ಲಿ ಒಂದು ದಿನ ಹೊಳೆಯಿತು. ಅಷ್ಟು ಚೆನ್ನಾಗಿ ಸುಳ್ಳು ಹೇಳಿಬಿಟ್ಟೆ ನೋಡು."

ಅವರ ಬಳಿ ತಾಯಿಯ ಫೋಟೋ ಇರಲಿಲ್ಲ. ಆ ಅಂಗಳಕ್ಕಿಂತ ಹಿಂದಿನದೇನೂ ನೆನಪಿರಲಿಲ್ಲ. ತಾಯಿಯನ್ನು ಯಾವಾಗ ಹಿಡಿದರೆಂಬುದೂ ಗೊತ್ತಿರಲಿಲ್ಲ. ಹಿಡಿದೊಯ್ದವರ ಬಗ್ಗೆ ಪತ್ರಾಗಾರದಲ್ಲಿದ್ದ ದಾಖಲೆ ತೆರೆಯಲು ಧೈರ್ಯ ಬಂದಿರಲಿಲ್ಲ.

ನಾನು ಮಾಡಿದ ತಪ್ಪು ಇಲ್ಲಿದೆ. ಶಂಕರಘಟ್ಟದ ಬಸ್ಸಿನಲ್ಲೇ ಗೆಳೆಯರು ನನ್ನನ್ನು 'ಆಧಾರಪ್ಪ' ಎಂದು ಕರೆಯುತ್ತಿದ್ದರು; ಯಾರು ಏನು ಹೇಳಿದರೂ ಆಧಾರ ಏನು ಎಂದು ಕೇಳುತ್ತಿದ್ದೆ. ಎಸ್ತರ್‌ಗೂ ಬಿಡಿಸಿ ಹೇಳಿದೆ. ಪಟ್ಟಣದ ಹೆಂಗಸರು ಹಳ್ಳಿ ಹಳ್ಳಿ ಅಲೆದು ಮೊಟ್ಟೆ, ಆಲೂಗೆಡ್ಡೆ ಕೇಳುತ್ತಿದ್ದ ಕಾಲ ಅದು. ನಾಲ್ಕು ವರ್ಷದ ಮಗು ಮುಖ ನೆನಪಿಟ್ಟುಕೊಳ್ಳುವುದಿಲ್ಲ. ಹತ್ತನೆಯ ವಯಸ್ಸಿನಲ್ಲಿ ಹೊಳೆದದ್ದು ನೆನಪಲ್ಲ, ಕಟ್ಟಿಕೊಂಡದ್ದು. ಆದ್ದರಿಂದ ನೀವು ತಾಯಿಗೆ ಸುಳ್ಳು ಹೇಳಿಲ್ಲ, ಆಕೆ ಬಂದೇ ಇರಲಿಲ್ಲ. ಸಮಾಧಾನ ಹೇಳುತ್ತಿದ್ದೇನೆಂದೇ ನಂಬಿದ್ದೆ.

ಎಸ್ತರ್ ಬಿಸ್ಕತ್ತಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಹಾಗಾದರೆ ನಾನು ಅಮ್ಮನನ್ನು ನೋಡಿಯೇ ಇಲ್ಲ," ಎಂದರು. ನಂತರ ಕಪ್ಪುಗಳನ್ನು ತೊಳೆಯಲು ಎದ್ದರು.

ಅದೇ ಸಂಜೆ, ಮಾತು ಬದಲಿಸಲೆಂದು, ನಮ್ಮ ಮನೆಯ ಕಥೆ ಹೇಳಿದೆ. ಭದ್ರಾವತಿಯಲ್ಲಿ ಗಲಾಟೆಯಾಗಿ ಕರ್ಫ್ಯೂ ಹಾಕಿದ್ದಾಗ ಅಮ್ಮ ಹಿಂದಿನ ಸಾಲಿನ ಮನೆಯ ಪುಟ್ಟ ಹುಡುಗಿ ನಸೀಮಾಳನ್ನು ಮೂರು ದಿನ ನಮ್ಮಲ್ಲಿ ಇಟ್ಟುಕೊಂಡಿದ್ದರು. ಬಾಗಿಲಿಗೆ ಬಂದ ಗಂಡಸರು ಯಾರಿದು ಎಂದಾಗ ಎಂಟು ವರ್ಷದ ನಾನು ಎದುರು ನಿಂತು, ನಮ್ಮ ಚಿಕ್ಕಮ್ಮನ ಮಗಳು ಎಂದಿದ್ದೆ. ಈ ಕಥೆಗೆ ನಾನು ಎಂದೂ ಆಧಾರ ಕೇಳಿರಲಿಲ್ಲ. ಎಸ್ತರ್ ಕೂಡ ಕೇಳಲಿಲ್ಲ. "ಒಳ್ಳೆಯ ಹುಡುಗ," ಎಂದಷ್ಟೇ ಹೇಳಿದರು.

ಮುಂದಿನ ವರ್ಷ ಊರಿಗೆ ಹೋದಾಗ ಗೋಪಾಳದಲ್ಲಿ ಅಕ್ಕ ಪುಷ್ಪಾಳ ಮನೆಯಲ್ಲಿ ಇಳಿದುಕೊಂಡಿದ್ದೆ. ಅಡುಗೆಮನೆಯಲ್ಲಿ ಅಕ್ಕ ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ಭಾವನಿಗೆ ನಾನು ಅದೇ ಕಥೆ ಹೇಳುತ್ತಿದ್ದೆ.

"ಸಾಕು ನಿಲ್ಸೋ ಮಾರಾಯ," ಎಂದಳು ಅಕ್ಕ. "ಚಿಕ್ಕಮ್ಮನ ಮಗಳು ಅಂತ ಹೇಳಿದ್ದು ನಾನು."

"ನೀನಾ? ಬಾಗ್ಲಲ್ಲಿ ನಿಂತಿದ್ದು ನಾನು. ಚೆನ್ನಾಗಿ ನೆನಪಿದೆ."

"ನೆನಪಂತೆ! ನಿಂಗೆ ಆಗ ಮಂಗನಬಾವು. ಮುಖ ಬನ್ ತರ ಊದಿತ್ತು. ಅಪ್ಪ ಒಂದ್ ವಾರ ಮುಂಚೇನೇ ವಿದ್ಯಾನಗರದ ಅಜ್ಜಿ ಮನೇಲಿ ಬಿಟ್ ಬಂದಿದ್ರು. ಗಲಾಟೆ ಮುಗಿದ್ಮೇಲೆ ಬಂದೆ ನೀನು."

ಭಾವ ಜೋರಾಗಿ ನಕ್ಕರು. "ಎಂ.ಎ. ಹಿಸ್ಟ್ರಿ ಕಣ್ರೀ ಇವ್ನು!"

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳೋದೇನಿದೆ? ಹುಡುಗಿ ಉಳಿದ್ಲಲ್ಲ. ನೀನು ಅಷ್ಟು ಖುಷಿಯಿಂದ ಹೇಳ್ಕೊಳ್ತಿದ್ದೆ, ಕಿತ್ಕೊಂಡು ನಾನೇನ್ ಮಾಡ್ಲಿ?" ಅಕ್ಕ ರೊಟ್ಟಿ ಮಗುಚಿದಳು. "ತಟ್ಟೆ ಹಿಡಿ."

ತಟ್ಟೆ ಹಿಡಿದೆ. ಏಳನೇ ತರಗತಿಯವರೆಗೆ ಮಾತ್ರ ಓದಿದ ಅಕ್ಕನಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ. ನನ್ನ ಸುಳ್ಳು ನೆನಪನ್ನು ಅವಳು ಇಪ್ಪತ್ತೈದು ವರ್ಷ ನನ್ನ ಬಳಿ ಇರಗೊಟ್ಟಿದ್ದಳು. ಎಸ್ತರ್‌ಗೆ ಇದ್ದ ಒಂದೇ ನೆನಪನ್ನು ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕಿತ್ತುಕೊಂಡಿದ್ದೆ, ಅದು ಸುಳ್ಳೆಂದು ಗೊತ್ತಿಲ್ಲದೆಯೇ.

ವಾಪಸು ಬಂದಾಗ ಎಸ್ತರ್ ಕೆಳಮನೆಯಲ್ಲಿ ಇರಲಿಲ್ಲ. ಬಿದ್ದು ಸೊಂಟ ಮುರಿದು, ಸುಜಾತಾ ಕೆಲಸ ಮಾಡುವ ವೃದ್ಧಾಶ್ರಮಕ್ಕೆ ಸೇರಿದ್ದರು. ಮರೆವು ಬೇಗ ಬೇಗ ಆವರಿಸುತ್ತಿತ್ತು. ನೋಡಲು ಹೋದರೆ ನನ್ನ ಗುರುತು ಹಿಡಿಯಲಿಲ್ಲ. ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದರು.

"ನಿಮ್ಮ ಅಮ್ಮನ ವಿಷಯ ಹೇಳಿ," ಎಂದೆ.

"ಅಮ್ಮ ಬರಲಿಲ್ಲ," ಎಂದರು. "ಒಬ್ಬಳು ಮೊಟ್ಟೆಗೆ ಬಂದಿದ್ದಳು. ಅವಳು ಬೇರೆ ಯಾರೋ. ಮೇಲುಮನೆಯ ಹುಡುಗ ಹೇಳಿದ. ತುಂಬಾ ಓದಿದವನು ಅವನು."

ನಾನು ತಪ್ಪು ಹೇಳಿದ್ದೆ, ಅದು ನಿಮ್ಮ ಅಮ್ಮನೇ ಇರಬಹುದು ಎಂದೆ. ಅವರು ಮಕ್ಕಳಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದರು. ಮಾರನೆಯ ವಾರವೂ ಹೇಳಿದೆ, ಅದರ ಮಾರನೆಯ ವಾರವೂ. ಪ್ರತಿ ಸಲ ನನಗೆ ಅದೇ ಉತ್ತರ. ಹಳೆಯ ಮಾತುಗಳೆಲ್ಲ ಅಳಿಸಿಹೋಗುತ್ತಿದ್ದವು, ನನ್ನ ವಾದ ಮಾತ್ರ ಅವರಲ್ಲಿ ಗಟ್ಟಿಯಾಗಿ ಉಳಿದಿತ್ತು.

ಈಗ ನನಗೆ ಊರಿನ ಗ್ರಂಥಾಲಯದಲ್ಲಿ ಅರೆಕಾಲಿಕ ಕೆಲಸ ಸಿಕ್ಕಿದೆ. ಮೀನಿನಂಗಡಿಯವನು ಹೆಸರು ಹಿಡಿದು ಮಾತನಾಡಿಸುತ್ತಾನೆ. ಭದ್ರಾವತಿಗೆ ಫೋನ್ ಮಾಡಿದರೆ 'ಅಲ್ಲಿ ಮಳೆಯಾ?' ಎಂದು ಕೇಳುವ ನಾನು, ಇಲ್ಲಿನವರಿಗೆ 'ನಮ್ಮಲ್ಲಿ' ಎಂದು ಹೇಳುವುದು ಭದ್ರಾವತಿಯನ್ನೇ. ಯಾವುದನ್ನು ನಮ್ಮೂರು ಎನ್ನಲಿ? ಆ ಊರಿನಲ್ಲಿ ಒಂದು ಮಗುವನ್ನು ಉಳಿಸಿದ ದಿನ ನಾನು ಇರಲೇ ಇಲ್ಲ. ಈ ಊರಿನಲ್ಲಿ ನಾನು ಇದ್ದೆ, ಮತ್ತು ಹೀಗೆ ಮಾಡಿದೆ.

ಎಸ್ತರ್ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರು ಜೀವಮಾನವಿಡೀ ತೆರೆಯದ ದಾಖಲೆಯನ್ನು ಆಮೇಲೆ ನಾನು ತರಿಸಿ ನೋಡಿದೆ. ಬಂದ ಹೆಂಗಸು ಯಾರೆಂದು ಅದರಲ್ಲಿಲ್ಲ, ಇರುವುದೂ ಸಾಧ್ಯವಿಲ್ಲ. ಅದರಲ್ಲಿರುವುದು ಇಷ್ಟು: ಎಸ್ತರ್ ಹೈನುಗಾರರ ಮನೆಗೆ ಬಂದ ಆ ಮೊದಲ ಚಳಿಗಾಲ ಮುಗಿದು, ವಸಂತದಲ್ಲಿ ಅವರ ತಾಯಿಯನ್ನು ಹಿಡಿದರು. ಅಲ್ಲಿಯವರೆಗೆ ಆಕೆ ಯಾರ ಕೈಗೂ ಸಿಗದೆ ಹೊರಗೇ ಇದ್ದರು.