ನಾನು ತಿನ್ನದ ಬಾಳೆಹಣ್ಣು

"ದಿನಕ್ಕೆ ಎಷ್ಟು ಬಾಳೆಹಣ್ಣು ತಿಂತೀರಿ?"

ಮಂಡ್ಯದ ಕಿಡ್ನಿ ಡಾಕ್ಟ್ರು ನನ್ನ ರಿಪೋರ್ಟ್ ನೋಡಿಕೊಂಡೇ ಕೇಳಿದರು. ತಿಂತೀರಾ ಅಂತಲ್ಲ. ಎಷ್ಟು ಅಂತ.

ಒಂದೂ ಇಲ್ಲ ಸಾರ್, ಅಂದೆ. ಪಕ್ಕದಲ್ಲಿದ್ದ ಹೆಂಡತಿ ಸುಜಾತ ಡಾಕ್ಟ್ರ ಮುಖ ನೋಡಿದಳು, ಡಾಕ್ಟ್ರು ಸುಜಾತನ ಮುಖ ನೋಡಿದರು. ನನ್ನ ಮುಖವನ್ನ ಯಾರೂ ನೋಡಲಿಲ್ಲ.

ವಿಷಯ ಇಷ್ಟೆ. ಎರಡು ವರ್ಷದಿಂದ ನನ್ನ ಕಿಡ್ನಿಗಳು ಕೆಲವು ಆಫೀಸುಗಳ ಹಾಗೆ... ಬಾಗಿಲು ತೆಗೆದಿರುತ್ತೆ, ಕೆಲಸ ಆಗಲ್ಲ.

ಕಾಲು ಊದುತ್ತೆ ಅಂತ ದಿನಕ್ಕೆ ಒಂದೇ ಲೀಟರ್ ನೀರು. ರಕ್ತದಲ್ಲಿ ಆಸಿಡ್ ಜಾಸ್ತಿಯಾಗಿದೆ ಅಂತ ಸೋಡಾ ಮಾತ್ರೆ. ಬೋಂಡಾ ಉಬ್ಬೋದಕ್ಕೂ ನಾನು ಉಳಿಯೋದಕ್ಕೂ ಒಂದೇ ಸೋಡಾ ಅಂತ ಗೊತ್ತಾಗಿದ್ದು ಆವಾಗಲೇ.

ಮದ್ದೂರಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಲಗ್ನಪತ್ರಿಕೆಗಳಿಗೆ ಪ್ರಾಸ ಹೊಸೆಯೋನು ನಾನು. ನನ್ನ ಪಾಡಿಗೂ ಒಂದು ಹೊಸೆದೆ.

ಉಪ್ಪಿಗೆ ಬೇಲಿ, ನೀರಿಗೆ ಬೀಗ,
ತೆಪ್ಪಗೆ ಕೂತಿದೆ ನಾಲಗೆ ಈಗ.

ಇಷ್ಟೆಲ್ಲ ಪಥ್ಯ ಮಾಡಿದರೂ, ಬಾಳೆಹಣ್ಣು ಎಳನೀರಲ್ಲಿ ತುಂಬಿರುತ್ತಲ್ಲ, ಆ ಪೊಟ್ಯಾಸಿಯಂ ಮಾತ್ರ ರಕ್ತದಲ್ಲಿ ಇಳಿಯಲಿಲ್ಲ. ಐದರ ಒಳಗಿರಬೇಕಾದ್ದು ಆರು ದಾಟಿತ್ತು. ಹೀಗೇ ಏರಿದರೆ ಒಂದು ದಿನ ಹೃದಯ ಹೇಳದೆ ಕೇಳದೆ ನಿಂತುಬಿಡುತ್ತೆ, ಮುಂದಿನ ತಿಂಗಳೂ ಇಳಿಯದಿದ್ದರೆ ಡಯಾಲಿಸಿಸ್ಸೇ ಗತಿ, ಅಂದರು ಡಾಕ್ಟ್ರು.

ಆಸ್ಪತ್ರೆಯಲ್ಲಿ ಡಯಟ್ ಹೇಳೋ ಹುಡುಗಿ ಒಂದೂವರೆ ತಿಂಗಳ ಹಿಂದೆಯೇ ವಿವರವಾಗಿ ಹೇಳಿದ್ದಳು. ಸೊಪ್ಪು, ಕಾಳು, ತರಕಾರಿ ಏನೇ ಇರಲಿ, ಜಾಸ್ತಿ ನೀರಲ್ಲಿ ಬೇಯಿಸಿ, ಚೆನ್ನಾಗಿ ಬಸಿದು, ಆಮೇಲೆ ಪಲ್ಯ ಮಾಡಬೇಕು. ಪೊಟ್ಯಾಸಿಯಂ ನೀರಿಗೆ ಇಳಿದುಹೋಗುತ್ತೆ.

ಸುಜಾತ ಬೆಳಗ್ಗೆಯೇ ಗಾರ್ಮೆಂಟ್ಸ್ ಬಸ್ ಹತ್ತೋಳು. ಮನೆಯಲ್ಲಿ ಅಡುಗೆ ಅವ್ವನದು. ಬಸಿಯೋದನ್ನ ನಮ್ಮವ್ವನಿಗೆ ಕಲಿಸಬೇಕಾ? ಒಂದೇ ಮಾತಿಗೆ ಒಪ್ಪಿಕೊಂಡಿತ್ತು.

ಹಾಗಾಗಿ ಉಳಿದ ಅಪರಾಧಿ ನಾನೊಬ್ಬನೇ.

ಅವತ್ತಿಂದ ಸುಜಾತ ನನ್ನ ಗಾಡಿ ಡಿಕ್ಕಿಯಲ್ಲಿ ಸಿಪ್ಪೆ ಹುಡುಕೋಕೆ ಶುರು ಮಾಡಿದಳು. ಮದ್ದೂರಲ್ಲಿ ಎಳನೀರು ಕುಡಿದ್ರಾ ಅಂತ ದಿನಾ ಸಂಜೆ ವಿಚಾರಣೆ. ಬಾಯಿ ಬೇರೆ ಮೂಸಿ ನೋಡ್ತಾಳೆ... ಕುಡುಕರಿಗೂ ಇಷ್ಟು ತನಿಖೆ ಇಲ್ಲ ಕಣ್ರಪ್ಪ.

ನನ್ನ ಪರ ನಿಂತಿದ್ದು ಅವ್ವ ಮಾತ್ರ.

"ನನ್ ಮಗ ಕದ್ದು ತಿನ್ನೋನಲ್ಲ ಕಣಮ್ಮ. ಎತ್ತೋಳ್ಗೆ ಗೊತ್ತಿಲ್ವಾ?"

ಹೀಗೇ ಹತ್ತು ಹನ್ನೆರಡು ದಿನ. ಒಂದು ಮಧ್ಯಾಹ್ನ ಕರೆಂಟು ಹೋಗಿ, ಜೆರಾಕ್ಸ್ ಮೆಷಿನ್ ಮಲಗಿ, ಊಟದ ಹೊತ್ತಿಗೆ ಮುಂಚೆಯೇ ನಮ್ಮೂರು ಕೊಪ್ಪಕ್ಕೆ, ಮನೆಗೆ ಬಂದೆ.

ಒಲೆ ಮುಂದೆ ಅವ್ವ. ದಂಟಿನ ಸೊಪ್ಪು, ಹುರುಳಿಕಾಳು ಬೆಂದಿದೆ. ಪಾತ್ರೆ ಬಗ್ಗಿಸಿ, ತಟ್ಟೆ ಅಡ್ಡ ಹಿಡಿದು, ಕೊನೇ ತೊಟ್ಟಿನವರೆಗೂ ನೀರು ಬಸೀತಿದೆ. ಡಯಟ್ ಹುಡುಗಿ ನೋಡಿದ್ದರೆ ಸನ್ಮಾನ ಮಾಡೋಳು.

ಬಸಿದ ಆ ನೀರಿಗೆ ರುಬ್ಬಿದ ಖಾರ ಹಾಕಿ, ಹುಣಸೆಹಣ್ಣು ಕಿವುಚಿ, ಮತ್ತೆ ಒಲೆ ಮೇಲೆ ಇಟ್ಟಿತು.

"ಏನವ್ವಾ ಅದು?"

"ಕಾಣಾಕಿಲ್ವಾ? ಬಸ್ಸಾರು."

"ಯಾರಿಗೆ?"

"ಇನ್ಯಾರ್ಗಲಾ? ನಿಂಗೇಯ. ಆ ಉಡುಗಿ ಬಸ್ದು ಪಲ್ಯ ಮಾಡು ಅಂದ್ಲು, ಮಾಡಿವ್ನಿ. ಅಂಗಂತ ನೀರ ಚೆಲ್ಬುಡಕಾಯ್ತದಾ? ಸೊಪ್ಪಿನ್ ಸತ್ವೆಲ್ಲಾ ಅದ್ರಲ್ಲೇ ಇರಾದು ಕಣ್ಲಾ."

ಡಯಟ್ ಹುಡುಗಿ ಅರ್ಧ ಗಂಟೆ ಚಾರ್ಟ್ ಹಿಡಿದು ವಿವರಿಸಿದ್ದನ್ನ ಅವ್ವ ಒಂದೇ ಸಾಲಲ್ಲಿ ಹೇಳಿ ಮುಗಿಸಿತ್ತು.

ಪಲ್ಯದಿಂದ ಇಳಿದದ್ದು ಸಾರಿಗೆ ಏರಿತ್ತು, ಸಾರಿಂದ ಇಳಿದದ್ದು ನೆತ್ತರಿಗೆ ಸೇರಿತ್ತು.

ಅವ್ವನ್ನ ಏನಂತ ಬೈಯೋದು? ಎರಡು ತಿಂಗಳಿಂದ ವಾರಕ್ಕೆ ನಾಲ್ಕು ದಿನ ಆ ಸಾರಲ್ಲಿ ಮುದ್ದೆ ಅದ್ದಿ, ಇನ್ನೊಂದು ಸೌಟು ಬುಡವ್ವ ಅಂತ ಕೇಳಿ ಹಾಕಿಸಿಕೊಂಡವನು ನಾನು. ಕುಡಿಯೋ ನೀರನ್ನ ಬಾಟಲಿಗೆ ಗೆರೆ ಎಳೆದು ಅಳೆದವನೂ ನಾನೇ. ಸಾರೂ ನೀರೇ ಅಂತ ಹೊಳೆಯೋದಕ್ಕೆ ಬಿ.ಎ. ಸಾಲದು ಅಂತ ಕಾಣುತ್ತೆ.

ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವ್ವ ಸೌಟಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿ, ಉಪ್ಪು ಕಮ್ಮಿನೇ ಅದೆ, ನಿಂಗೆ ಸರಿಯಾಯ್ತದೆ, ಅಂತು.

ಮಾತು ಬದಲಾಯಿಸಿದೆ.

ನೀರಿನ ಲೆಕ್ಕ ಜಾಸ್ತಿ ಆಗ್ತದಂತೆ ಕಣವ್ವ, ಇವತ್ತಿಂದ ನಂಗೆ ಸಾರು ಬೇಡ, ಅಂದೆ. ಅರ್ಧ ನಿಜ.

"ಸಾರಿಲ್ದೆ ಮುದ್ದೆ ಎಂಗ್ಲಾ ಇಳೀತದೆ?" ಅಂತು ಅವ್ವ. ಆದರೂ ನನ್ನ ತಟ್ಟೆಗೆ ಸಾರು ಬಿಡಲಿಲ್ಲ.

ಸುಜಾತನಿಗೆ ಸಂಜೆ ಪೂರ್ತಿ ನಿಜ ಹೇಳಿದೆ. ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಮಾರನೇ ದಿನದಿಂದ ಡಿಕ್ಕಿ ತೆಗೆಯೋದು ಬಿಟ್ಟಳು, ಅಷ್ಟೆ.

ಮುಂದಿನ ತಿಂಗಳು ರಿಪೋರ್ಟ್ ತೋರಿಸೋಕೆ ಹೊರಟಾಗ ಅವ್ವ ಹಟ ಮಾಡಿ ಜೊತೆಗೆ ಬಂತು. ಡಾಕ್ಟ್ರು ಹೇಳೋದನ್ನ ತನ್ನ ಕಿವಿಯಲ್ಲೇ ಕೇಳಬೇಕಂತೆ.

ಪೊಟ್ಯಾಸಿಯಂ ಐದರ ಒಳಗೆ. ಡಯಾಲಿಸಿಸ್ ಸದ್ಯಕ್ಕೆ ಬೇಡ.

ಡಾಕ್ಟ್ರು ಕನ್ನಡಕ ತೆಗೆದು, ಗೆದ್ದವರ ಹಾಗೆ ನಕ್ಕರು. "ನೋಡಿದ್ರಾ, ಕದ್ದು ಬಾಳೆಹಣ್ಣು ತಿನ್ನೋದು ಬಿಟ್ಟ ತಕ್ಷಣ ಹೇಗೆ ಇಳೀತು?"

ಅವ್ವ ನಿಧಾನಕ್ಕೆ ನನ್ನ ಕಡೆ ತಿರುಗಿತು. "ತಿಂತಿದ್ದೇನ್ಲಾ?"

ಈಗ ನಿಜ ಹೇಳಿದರೆ ನಾನು ಕಳ್ಳ ಅಲ್ಲ ಅಂತಾಗುತ್ತೆ. ಆದರೆ ಮಗನಿಗೆ ಕೈಯಾರೆ ಏನು ಬಡಿಸುತ್ತಿದ್ದೆ ಅಂತ ಅವ್ವನಿಗೆ ಗೊತ್ತಾಗುತ್ತೆ.

"ತಿಂತಿದ್ದೆ ಕಣವ್ವ."

ಡಾಕ್ಟ್ರ ಮುಂದೆಯೇ ಬೆನ್ನಿಗೊಂದು ಬಿತ್ತು. ನಲವತ್ತಾರನೇ ವಯಸ್ಸಿಗೆ.

ಈಗ ಕೊಪ್ಪದಲ್ಲಿ ಅರ್ಧ ಊರಿಗೆ ನಾನು ಬಾಳೆಹಣ್ಣಿನ ಕಳ್ಳ. ಅವ್ವ ಫೇಸ್‌ಬುಕ್ಕಲ್ಲಿ ಇಲ್ಲ ಅನ್ನೋ ಧೈರ್ಯದ ಮೇಲೆ ಇದನ್ನ ಬರೀತಿದ್ದೀನಿ, ಯಾರೂ ಓದಿ ಹೇಳಬೇಡಿ.

ಅಂದಹಾಗೆ, ನಿಮ್ಮ ಮನೆಯಲ್ಲೂ ಯಾರಾದರೂ ಈ ಪಥ್ಯದಲ್ಲಿದ್ದರೆ, ಬಸಿದ ನೀರು ಎಲ್ಲಿಗೆ ಹೋಗ್ತಿದೆ ಅಂತ ಒಂದು ಸಲ ಅಡುಗೆಮನೆಗೆ ಹೋಗಿ ನೋಡಿದ್ದೀರಾ?